ಗೋಡೆಯ ಮೇಲಿನ ಅಳತೆ ಕಡ್ಡಿ

ಸಾಣೆಯಕ್ಕನನ್ನು ನಾನು ಮೊದಲು ಕಂಡದ್ದು ಕಾರ್ಖಾನೆಯ ಗೇಟಿನ ಹೊರಗೆ, ನಮ್ಮ ಮುಷ್ಕರದ ಹನ್ನೊಂದನೇ ದಿನ. ಗಂಟಲು ಹರಿದುಕೊಳ್ಳುತ್ತಿದ್ದ ಮುಖಂಡನಿಗೆ, "ಅಣ್ಣಾ, ಭಾಷಣ ಆಮೇಲೆ. ಮೊದಲು ಶಾಮಿಯಾನದ ಗೂಟ ನೆಟ್ಟಗೆ ಮಾಡ್ಸಿ, ನಮ್ಮ ತಲೆ ಮೇಲೆ ಬೀಳುತ್ತೆ" ಎಂದಿದ್ದಳು. ಆ ನಾಲಿಗೆಯಿಂದಲೇ ಆ ಅಡ್ಡಹೆಸರು. ಮುಷ್ಕರ ಸೋತಿತು. ಸೋಲಿಗೆ ಬಣ್ಣ ಬಳಿದು ಗೆಲುವೆನ್ನುವ ಚಾಳಿ ನನಗಿಲ್ಲ. ಕೆಲಸ ಹೋದವರಲ್ಲಿ ಅವಳೂ ಒಬ್ಬಳು. ಒಂಬತ್ತು ವರ್ಷ ಬೆಸುಗೆ ಹಾಕಿದ ಕೈ ಸುಮ್ಮನೆ ಕೂರಲಾರದೆ ಅಪ್ಪನ ಕುಲುಮೆಗೆ ಹೋಗಿ ಸುತ್ತಿಗೆ ಹಿಡಿಯಿತು.

ಸೈಕಲ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ, ತಗಡಿನ ಸೂರಿನ ಕುಲುಮೆ. ಅಪ್ಪ ಬೇಟೆ ಚೂರಿಗೆ ಹೆಸರಾದವನು. ಮಡಚುವ ಚೂರಿ ಕಂಡರೆ ಅವನಿಗಾಗದು. "ನಡು ಮುರಿದವನನ್ನ ಕಾಡಿಗೆ ಜೊತೆಗೆ ಕರ್ಕೊಂಡು ಹೋಗ್ತೀರೇನ್ರೀ?" ಎನ್ನುತ್ತಿದ್ದ. ಅವನ ಚೂರಿಯಲ್ಲಿ ಅಲಗು, ಹಿಡಿಯೊಳಗಿನ ಬಾಲ ಎಲ್ಲ ಒಂದೇ ಉಕ್ಕಿನ ತುಂಡು. ಹೊಸ ಗಿರಾಕಿ ಬಂದರೆ ಅವನ ಮುಷ್ಟಿಯ ಅಳತೆಗೆ ಕಡ್ಡಿಯೊಂದರ ಮೇಲೆ ಕಚ್ಚು ಹಾಕಿ ಗೋಡೆಗೆ ನೇತುಹಾಕುವುದು ಆ ಮನೆಯ ಪದ್ಧತಿ. ಮುಂದಿನ ಚೂರಿಗಳೆಲ್ಲ ಆ ಕಡ್ಡಿ ನೋಡಿಯೇ. ನಲವತ್ತು ವರ್ಷದ ಕೈಗಳು ಆ ಗೋಡೆಯ ಮೇಲೆ ಮಸಿ ಹಿಡಿದು ತೂಗುತ್ತಿದ್ದವು.

ಎರಡು ವರ್ಷ ಕಳೆದರೂ ಅಪ್ಪ ಮಗಳಿಗೆ ಗುದ್ದಲಿ, ಕುಡುಗೋಲು ಬಿಟ್ಟು ಬೇರೇನೂ ಕೊಡಲಿಲ್ಲ. ತನ್ನ ತೋಳು ಸೋತಾಗ ಕುಲುಮೆ ಮುಚ್ಚಲೆಂದು, ಕಾದ ಕಬ್ಬಿಣ ಇಟ್ಟು ಬಡಿಯುವ ಉಕ್ಕಿನ ಅಡಿಗಲ್ಲನ್ನು ಒಯ್ಯುವಂತೆ ಗುಜರಿಯವನಿಗೆ ಹೇಳಿಬಿಟ್ಟ.

"ಯಾಕಪ್ಪಾ, ನಾನೇನು ಸತ್ತಿದೀನಾ?"

"ಬೆಸುಗೆ ಬೇರೆ, ಉಕ್ಕಿಗೆ ಹದ ಕೊಡೋದು ಬೇರೆ ಕಣೆ. ನಿನ್ನ ಚೂರಿ ಕೈಕೊಟ್ರೆ ಬೈಸ್ಕೊಳ್ಳೋನು ನಾನು."

"ಹಂದಿಮಾವ ಹೊಸ ಚೂರಿ ಕೇಳಿದಾರಲ್ಲ. ನೀನೊಂದು ಮಾಡು, ನಾನೊಂದು ಮಾಡ್ತೀನಿ. ಯಾರ ಗುರುತೂ ಒತ್ತೋದು ಬೇಡ. ನಂದು ಎತ್ಕೊಂಡ್ರೆ ಕುಲುಮೆ ನಂದು. ನಿಂದು ಎತ್ಕೊಂಡ್ರೆ ಅಡಿಗಲ್ಲನ್ನ ನಾನೇ ಗಾಡಿಗೆ ಹೇರ್ತೀನಿ."

ಹಂದಿಮಾವ ಎಂದರೆ ಬೆಳೆಗೆ ನುಗ್ಗುವ ಕಾಡುಹಂದಿ ಹೊಡೆಯಲು ಪರವಾನಗಿ ಇದ್ದ ಬೇಟೆಗಾರ. ಅವನು ಹೆಂಡತಿಯೊಂದಿಗೆ ಬಂದ ದಿನ ನಾನೂ ಕುಡುಗೋಲು ತಟ್ಟಿಸಲು ಹೋಗಿದ್ದೆ. ಗೋಣಿಚೀಲದ ಮೇಲೆ ಎರಡು ಚೂರಿ. ಒಂದು ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಇನ್ನೊಂದರ ಬೆನ್ನಿನ ಮೇಲೆ ಸುತ್ತಿಗೆ ಏಟು ಹಾಗೇ ಇತ್ತು, ಹಿಡಿಯೋ ದಪ್ಪ.

"ಅಯ್ಯೋ, ಈ ಚೂರಿಗೆ ಬಾವು ಬಂದಿದೆಯಲ್ರೀ!" ಎಂದು ಬೇಟೆಗಾರನ ಹೆಂಡತಿ ನಕ್ಕಳು. ಸಾಣೆಯಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಬಾಯಿಗೆ ಬೀಗ ಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಂದಿಮಾವ ಅಲಗನ್ನು ಅಡಿಗಲ್ಲಿಗೆ ಬಡಿದು ಕಿವಿಗೊಟ್ಟ. ಎರಡೂ ಖಣ್ಣೆಂದವು. ಮೊನೆಯನ್ನು ಕೊರಡಿಗೆ ಊರಿ ಬಾಗಿಸಿದ. ಎರಡೂ ನೆಟ್ಟಗೆ ಹಿಂದಕ್ಕೆ ಬಂದವು. ತೋಳಿನ ಕೂದಲು ಬೋಳಿಸಿದ. ಎರಡೂ ಬೋಳಿಸಿದವು.

"ಹದದಲ್ಲಿ ಎರಡೂ ಅವಳಿ ಜವಳಿ ಕಣಯ್ಯ," ಎಂದು ಹೊಳೆಯುವುದನ್ನು ಎತ್ತಿ ಒರೆಗೆ ಸೇರಿಸಿದ. "ಕಣ್ಣಿಗೆ ಇದೇ ಹಿಡಿಸ್ತು."

ಸಾಣೆಯಕ್ಕ ತಿದಿಯ ಕಡೆ ಮುಖ ತಿರುಗಿಸಿದಳು. ಅಪ್ಪನ ಮುಖದಲ್ಲೂ ಗೆದ್ದವನ ಕಳೆ ಇರಲಿಲ್ಲ.

"ಎಣ್ಣೆ ಪರೀಕ್ಷೆ ಮರೆತ್ಯಲ್ಲ," ಎಂದ ಅಪ್ಪ. ಗೆದ್ದ ಆಟವನ್ನು ತಾನೇ ಮತ್ತೆ ತೆರೆದವನು ಅವನು. ಅದಕ್ಕೇ ಆ ಮುದುಕನ ಮೇಲೆ ನನಗೆ ಗೌರವ.

ಬೇಟೆಯಲ್ಲಿ ಒಣಗೈಯಿಂದ ಯಾರೂ ಚರ್ಮ ಸುಲಿಯುವುದಿಲ್ಲ, ಕೈಯೆಲ್ಲ ರಕ್ತ, ಕೊಬ್ಬು. ಹಂದಿಮಾವ ಅಂಗೈಗೆ ಎಣ್ಣೆ ಸವರಿಕೊಂಡು ದಪ್ಪ ಹಸಿ ಚರ್ಮ ಕೊಯ್ಯತೊಡಗಿದ. ಎರಡನೇ ಎಳೆತಕ್ಕೇ ಹೊಳೆಯುವ ಚೂರಿ ಮುಷ್ಟಿಯೊಳಗೆ ಹೊರಳಿತು.

"ಎಣ್ಣೆ ಜಾಸ್ತಿ ಆಯ್ತು," ಎಂದು ಒರೆಸಿಕೊಂಡು, ಸ್ವಲ್ಪವೇ ಸವರಿ ಮತ್ತೆ ಎಳೆದ. ಮತ್ತೆ ಹೊರಳಿತು. ಬಾವು ಬಂದ ಚೂರಿ ಎತ್ತಿಕೊಂಡ. ಅದು ಆ ತುದಿಯಿಂದ ಈ ತುದಿಯವರೆಗೆ ಒಂದೇ ಗೆರೆ ಎಳೆಯಿತು.

ಅಪ್ಪ ಗೋಡೆಯಿಂದ ಹಂದಿಮಾವನ ಕಡ್ಡಿ ತೆಗೆದು ಅವನ ಮುಷ್ಟಿಗೆ ಹಿಡಿದ. ಕೊನೆಯ ಎರಡು ಬೆರಳು ಅಂಗೈಯನ್ನು ಮುಟ್ಟುತ್ತಲೇ ಇರಲಿಲ್ಲ. ಕಡ್ಡಿ ಇಪ್ಪತ್ತೆರಡು ವರ್ಷ ಹಳೆಯದು.

"ಬೆರಳು ಮಡಚಲ್ವಾ? ನಂಗೂ ಹೇಳಿಲ್ವಲ್ಲ, ಕಳ್ಳ!" ಎಂದಳು ಹೆಂಡತಿ.

"ಹೇಳಿದ್ರೆ ನೀನು ನನ್ನ ಮನೇಲಿ ಕಟ್ಟಿ ಹಾಕ್ತಿದ್ದೆ. ಈ ಚೂರಿ ಇದ್ರೆ ಇನ್ನೂ ನಾಲ್ಕು ವರ್ಷ ಕಾಡು ಸುತ್ತಬಹುದು ಬಿಡು."

ಅಪ್ಪ ಮಗಳತ್ತ ತಿರುಗಿದ. "ನಿಂಗೆ ಹೇಗೆ ಗೊತ್ತಾಯ್ತೇ?"

"ಹೋದ ತಿಂಗಳು ಮಾವ ಚಹಾ ಲೋಟ ಎರಡೂ ಕೈಲಿ ಹಿಡ್ಕೊಂಡು ಕುಡಿದ್ರು. ನೀನು ಆಗ ಕಡ್ಡಿ ನೋಡ್ತಿದ್ದೆ."

ಅಪ್ಪ ಗೋಡೆಯ ಕಡ್ಡಿಗಳನ್ನು ಒಂದೊಂದಾಗಿ ಇಳಿಸತೊಡಗಿದ. ಯಾರು ಯಾರನ್ನು ಮತ್ತೆ ಕರೆಸಿ ಕೈ ಅಳೆಯಬೇಕೆಂದು ತನ್ನಲ್ಲೇ ಗೊಣಗುತ್ತಿದ್ದ.

ಮಧ್ಯಾಹ್ನ ಗುಜರಿಯವನ ಗಾಡಿ ಬಂತು. "ಎಲ್ಲಿ ಯಜಮಾನ್ರೇ ಅಡಿಗಲ್ಲು?"

"ಅದರ ಯಜಮಾನಿ ಒಳಗಿದಾಳೆ. ಧೈರ್ಯ ಇದ್ರೆ ಕೇಳು."

ಗುಜರಿಯವನು ಒಳಗೆ ಇಣುಕಿದ. ಸಾಣೆಯಕ್ಕ ಹಂದಿಮಾವನ ಮುಷ್ಟಿ ಹಿಡಿದು ಹೊಸ ಕಡ್ಡಿಗೆ ಕಚ್ಚು ಹಾಕುತ್ತಿದ್ದಳು. ತಲೆ ಎತ್ತದೆ, "ಏನಣ್ಣಾ, ನಿಂಗೂ ಚೂರಿ ಬೇಕಾ? ಕೈ ತೋರ್ಸು" ಎಂದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗಾಡಿಯತ್ತ ಹೊರಟ.