ಎದುರಾಳಿ ಇಲ್ಲದ ಮೇಳ

ಸವಣೂರಿನ ಹೊರಗಿನ ಎಲೆತೋಟದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಾಗವ್ವ ಏಣಿಯ ಮೇಲೆ ನಿಂತು ವೀಳ್ಯದೆಲೆ ಕೊಯ್ಯುತ್ತಿದ್ದಾರೆ. ಹೆಬ್ಬೆರಳ ಉಗುರು ತೊಟ್ಟಿಗೆ ತಾಕಿದ್ದೇ ತಡ, ಎಲೆ ಕೈಗೆ ಬರುತ್ತದೆ. ಬಿಸಿಲೇರಿದರೆ ಎಲೆ ಬಾಡುತ್ತದೆ. ಕೈಗೆ ಪುರುಸೊತ್ತಿಲ್ಲ, ಗೊಣಗುವ ಬಾಯಿಗೂ ಇಲ್ಲ.

“ಮುಂಜಮುಂಜಾನೆ ಯಾರಿಗೆ ಬೈಯಾಕತ್ತೀಯವ್ವಾ?” ಪಕ್ಕದ ಸಾಲಿನಿಂದ ಸರೋಜವ್ವ ಕೆಣಕುತ್ತಾರೆ.

“ಬಳ್ಳಿಗೆ. ಮತ್ಯಾರದಾರ ಬೈಯಾಕ? ಇದೂ ತಿರುಗಿ ಒಂದು ಮಾತು ಆಡೂದಿಲ್ಲ ನೋಡು.”

ಐವತ್ತು ದಾಟಿದ ನಾಗವ್ವ ಗೀಗೀ ಪದದ ಹಾಡುಗಾರ್ತಿ. ಊರು ರಟ್ಟೀಹಳ್ಳಿ. ಗಂಡ ತೀರಿದ ಮೇಲೆ ಸವಣೂರಿನ ತಂಗಿಯ ಮನೆ ಸೇರಿದ್ದಾರೆ. ಹಿರೇಕೆರೂರ, ಹಾನಗಲ್ಲ ತಾಲೂಕುಗಳಲ್ಲಿ ಒಂದು ಕಾಲಕ್ಕೆ ಅವರ ಹೆಸರು ಹೇಳಿದರೆ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು.

ಗೀಗೀ ಪದವೆಂದರೆ ಜಗಳದ ಹಾಡು. ಎರಡು ಮೇಳಗಳು ಎದುರುಬದುರು ಕೂತು, ಒಂದು ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ವಾದಿಸುತ್ತವೆ. ಸವಾಲಿಗೆ ಪದದಲ್ಲೇ ಉತ್ತರ ಕೊಡಬೇಕು. ಊರ ಹಿರಿಯರು ಎರಡೂ ಮೇಳಕ್ಕೆ ಆಹ್ವಾನದ ವೀಳ್ಯ ಕಳಿಸುತ್ತಾರೆ. ಒಂದು ವೀಳ್ಯ ವಾಪಸು ಬಂದರೂ ಹಾಡಿಲ್ಲ.

ನಾಗವ್ವ ಹೆಣ್ಣಿನ ಪಕ್ಷ. ಗಂಡಿನ ಪಕ್ಷಕ್ಕೆ ಸವಣೂರಿನ ಕರೀಮಸಾಬ. ಹಗಲು ಟಾಂಗಾ ಹೊಡೆಯುತ್ತಾರೆ. ಇಬ್ಬರಿಗೂ ಅವರವರದೇ ಮೇಳ, ಅವರವರದೇ ಅಭಿಮಾನಿಗಳು. ೧೯೭೪ರಲ್ಲಿ ಹಾನಗಲ್ಲ ತಾಲೂಕಿನ ತಿಳವಳ್ಳಿಯಲ್ಲಿ ಕರೀಮಸಾಬ ಡಪ್ಪು ಬಡಿದು ಕೇಳಿದ ಸವಾಲು ಅಲ್ಲಿಯವರಿಗೆ ಇಂದಿಗೂ ನೆನಪಿದೆ:

“ಹೆಣ್ಣೇ ಮೊದಲು ಎಂದು ಹಾಡುವಾಕಿ ಹೇಳ ನೀ,
ಮೊದಲ ಹೆಣ್ಣಿನ ಹೊಕ್ಕಳಬಳ್ಳಿ ಕೊಯ್ದವರ್ಯಾರ?”

ನಾಗವ್ವನಿಗೆ ಉತ್ತರ ಹೊಳೆಯಲಿಲ್ಲ. ಅವರು ಸೋತ ಬೈಠಕ್ಕು ಅದೊಂದೇ.

ಐದು ವರ್ಷದ ನಂತರ ಇಬ್ಬರೂ ಕೂಡಿ ಒಂದೇ ಮೇಳ ಕಟ್ಟುತ್ತಾರೆ. “ಅವರ ಪದ ನನಗ ಬಾಯಿಪಾಠ, ನನ್ನವು ಅವರಿಗೆ. ಕೂಡಿ ಹಾಡಿದ್ರ ನಮ್ಮನ್ನ ಹಿಡಿಯವರ ಇಲ್ಲ ಅಂದ್ರು ಸಾಬರು,” ಎನ್ನುತ್ತಾರೆ ನಾಗವ್ವ. “ಖರೇನ ಆತ್ರಿ. ಹಿಡಿಯವರು ಯಾರೂ ಉಳೀಲಿಲ್ಲ.”

ಜೋಡಿಯ ಎದುರು ಮೊದಲು ಕೂತದ್ದು ಹುಲಗೂರಿನ ಹುಚ್ಚಪ್ಪನವರ ಮೇಳ. ಅವರು ಅರ್ಧಕ್ಕೇ ಡಪ್ಪು ಕಟ್ಟಿಕೊಂಡು ಎದ್ದರು. ಈಗ ಹುಲಗೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಅವರಿಗೆ ಆ ಸಿಟ್ಟು ಇಳಿದಿಲ್ಲ. “ಆಕಿ ಒಬ್ಬಾಕಿ ಹೊಡತ ತಡಕೊಳ್ಳೂದ ಕಷ್ಟ. ಇಬ್ಬರೂ ಕೂಡಿ ಬಂದ್ರ, ನಾವೇನು ಬಡಿಸ್ಕೊಳ್ಳಾಕಂತ ಹೋಗಬೇಕೇನ್ರಿ?” ಸುದ್ದಿ ಹಬ್ಬಿ ಒಂದೊಂದೇ ಮೇಳ ವೀಳ್ಯ ತಿರುಗಿಸತೊಡಗಿತು. ಹೊಸಬರು ಹುಟ್ಟಲಿಲ್ಲ. ಈ ಯುಗಾದಿಯವರೆಗೆ ಎರಡು ವರ್ಷ ಈ ಜೋಡಿ ಎಲ್ಲಿಯೂ ಹಾಡಿರಲಿಲ್ಲ.

ಹೊಕ್ಕಳಬಳ್ಳಿಯ ಉತ್ತರ ಹೊಳೆದದ್ದು ಈ ಖಾಲಿ ದಿನಗಳಲ್ಲಿ, ಇದೇ ಏಣಿಯ ಮೇಲೆ. ನಾಗವ್ವ ಅದನ್ನು ಕರೀಮಸಾಬರಿಗೆ ಹೇಳಲಿಲ್ಲ. “ಒಂದ ಮೇಳದವರಿಗೆ ಹೇಳಿ ಏನು ಮಾಡ್ಲಿ? ಎದುರು ಕುಂತವರಿಗೆ ಹೇಳೂದು ಅದು.”

ಈ ವರ್ಷ, ೧೯೮೬ರ ಯುಗಾದಿ ಮುಗಿದ ಮೇಲೆ, ತಿಳವಳ್ಳಿಯಿಂದಲೇ ಕರೆ ಬರುತ್ತದೆ. ಎದುರು ಕೂರಲು ಯಾರೂ ಒಪ್ಪಿಲ್ಲ. ಊರ ಹಿರಿಯ ಉಳವಪ್ಪನವರೇ ದಾರಿ ಹುಡುಕುತ್ತಾರೆ: “ನೀವ ಇಬ್ಬರೂ ಎದುರುಬದುರು ಕುಂದರ್ರಿ, ಮೊದಲಿನಂಗ.” ಜೋಡಿ ಎರಡೂ ವೀಳ್ಯ ತೆಗೆದುಕೊಳ್ಳುತ್ತದೆ.

ಕರೀಮಸಾಬರಿಗೆ ಅಂದು ಕೆಮ್ಮು. ಆದರೂ ಹಳೆಯ ಸವಾಲನ್ನೇ ಎತ್ತುತ್ತಾರೆ. ನಾಗವ್ವನ ನಾಲಗೆಯ ತುದಿಗೆ ಉತ್ತರ ಬಂದು ಕೂತಿದೆ. ‘ಮೊದಲ ಹೆಣ್ಣಿನ’ ಎನ್ನುವಲ್ಲಿ ಕರೀಮಸಾಬರ ದನಿ ಒಡೆಯುತ್ತದೆ.

“ಏಳು ವರ್ಷದ ರೂಢಿರಿ. ಅವರ ದನಿ ಬಿದ್ದಲ್ಲಿ ನಾ ಎತ್ತಬೇಕು. ನನಗ ಖಬರ ಇಲ್ಲದ ನನ್ನ ಬಾಯಿ ಎತ್ತಿತು,” ಎನ್ನುತ್ತಾರೆ ನಾಗವ್ವ.

ತಮ್ಮನ್ನು ಸೋಲಿಸಿದ್ದ ಸವಾಲನ್ನು ನಾಗವ್ವ ತಾವೇ ಹಾಡಿ ಪೂರ್ತಿ ಮಾಡಿಕೊಟ್ಟರು. ಮಂದಿ ಮೊದಲು ನಕ್ಕರು. ಆಮೇಲೆ ಯಾರೋ ಕೂಗಿದರು: “ಮನ್ಯಾಗ ಮಾತಾಡ್ಕೊಂಡ ಬಂದಾರಲೇ ಇವರು!” ಉತ್ತರಕ್ಕೆ ಕಾಯದೆ ಜನ ಚಾಪೆ ಝಾಡಿಸಿಕೊಂಡು ಎದ್ದರು. ಉಳವಪ್ಪನವರು ಸುಳ್ಳುಜಗಳಕ್ಕೆ ಇನ್ನು ಕರೆಯುವುದಿಲ್ಲ ಎಂದರು.

ಬಸ್ಸಿನಲ್ಲಿ ಕರೀಮಸಾಬ ಕೇಳಿದ್ದು ಒಂದೇ ಮಾತು. “ಉತ್ತರ ಇತ್ತೇನು ನಿನ್ನ ಕಡೆ?”

“ಇತ್ರಿ.”

ಅವರು ಕಿಟಕಿಯತ್ತ ತಿರುಗಿ ಕೂತರು. ಏನು ಉತ್ತರ ಎಂದು ಇಂದಿಗೂ ಕೇಳಿಲ್ಲ.

ತೋಟದ ಬದುವಿಗೆ ಟಾಂಗಾ ಬಂದು ನಿಲ್ಲುತ್ತದೆ. ಎಲೆಯ ಕಟ್ಟುಗಳನ್ನು ಬಸ್ ಸ್ಟ್ಯಾಂಡಿಗೆ ಒಯ್ಯುವವರು ಕರೀಮಸಾಬರೇ. “ಇಳೀ ನಾಗವ್ವಾ, ಮೊದಲ ಬಸ್ಸು ತಪ್ಪತೈತಿ. ಹೆಣ್ಣು ಹೆಚ್ಚು ಅಂತ ಹಾಡಿದ್ರ ಡ್ರೈವರ್ ನಿಲ್ಲಿಸೂದಿಲ್ಲ!”

“ಬಂದ್ನಿರಿ ಸಾಬರ,” ಎಂದಷ್ಟೇ ಹೇಳಿ ನಾಗವ್ವ ಇಳಿಯುತ್ತಾರೆ. ಹಿಂದಾದರೆ ಈ ಮಾತಿಗೆ ನಾಲ್ಕು ಪದ ಹುಟ್ಟುತ್ತಿದ್ದವು. ಎಲೆಯ ಕಟ್ಟು ಏರಿಸಿಕೊಂಡು ಕರೀಮಸಾಬ ಲಗಾಮು ಜಾಡಿಸುತ್ತಾರೆ.

ಟಾಂಗಾ ಮರೆಯಾದ ಮೇಲೆ ಆ ಉತ್ತರವೇನೆಂದು ವಿಚಾರಿಸಿದರೆ ನಾಗವ್ವ ತಲೆ ಅಲ್ಲಾಡಿಸುತ್ತಾರೆ.

“ಹಿಂಗ ಹೇಳಿದ್ರ ಅದು ಬರೇ ಮಾತ್ರಿ. ತಿಳವಳ್ಳಿ ಸವಾಲಿಗೆ ನಾಗವ್ವನ ಕಡೆ ಉತ್ತರ ಐತಿ ಅಂತ, ಅಷ್ಟ ಬರೀರಿ. ಯಾರರ ಓದಿ ಸಿಟ್ಟಿಗೆದ್ದು ಎದುರು ಕುಂದರಲಿ.”