ಉಂಡದ್ದು ದಕ್ಕಿಸಿಕೊಂಡ ಶಶಿರೇಖಾ

ಹುಲಿಕುಂಟೆಯ ಶಶಿರೇಖಾ ನಮ್ಮ ಪಕ್ಕದ ಮನೆಯವಳು. ಅನ್ನಿಸಿದ್ದೇ ತಡ, ಮಾಡಿಬಿಡುವ ಹುಡುಗಿ. ಸೂಪರ್‌ವೈಸರ್ ಗದರಿದನೆಂದು ಗಾರ್ಮೆಂಟ್ಸ್ ಕೆಲಸ ಬಿಟ್ಟು ಅದೇ ಮಧ್ಯಾಹ್ನ ಊರಿನ ಬಸ್ಸು ಹತ್ತಿದವಳು. ಯಾರೋ ದಪ್ಪ ಎಂದರೆಂದು ಊಟವನ್ನೂ ಹಾಗೆಯೇ ಬಿಟ್ಟಳು. ಹಸಿವು ತಡೆಯದಾದಾಗ ಪಾತ್ರೆಯಲ್ಲಿದ್ದುದನ್ನೆಲ್ಲ ಬಾಚಿ ತಿನ್ನುವಳು, ಆಮೇಲೆ ಹಿತ್ತಲಿಗೆ ಹೋಗಿ ಕಕ್ಕಿ ಬರುವಳು.

ಕುರಿ ಸಾಕುವ ಮನೆ ಅವರದು. ತಾಯಿ ಪುಟ್ಟಕ್ಕನಿಗೆ ಇದು ಮನೆದೇವರ ಮುನಿಸು ಎನ್ನಿಸಿತು. ಮಗಳಿಂದ ಪ್ರತಿ ಶನಿವಾರ ಒಂದೇ ಹೊತ್ತು ಉಣ್ಣುವ ಒಪ್ಪತ್ತು ಹಿಡಿಸಿದಳು. ವಾಸಿಯಾದರೆ ದೇವರ ಹೆಸರಿನಲ್ಲಿ ಪರ ಮಾಡಿ ಊರಿಗೆಲ್ಲ ಊಟ ಹಾಕುವೆನೆಂದು ಹರಕೆ ಹೊತ್ತಳು. ಗಾಯದ ಮೇಲೆ ಬರೆ! ದಿನವೆಲ್ಲ ಹಸಿದವಳು ಸಂಜೆ ಇನ್ನೂ ಹೆಚ್ಚು ತಿಂದಳು, ಇನ್ನೂ ಹೆಚ್ಚು ಕಕ್ಕಿದಳು. ಕಡೆಗೆ ಅಂಗಳದಲ್ಲೇ ತಲೆಸುತ್ತಿ ಬಿದ್ದಳು.

ಆಸ್ಪತ್ರೆಗೆ ಕರೆದೊಯ್ದಾಗ ತುಮಕೂರಿನ ಮನೋವೈದ್ಯೆ ಇದೊಂದು ಕಾಯಿಲೆ ಎಂದರು. ಹೊತ್ತುಹೊತ್ತಿಗೆ ಉಣ್ಣಬೇಕು, ಒಪ್ಪತ್ತು ಬಿಡಬೇಕು, ಕಕ್ಕಬೇಕೆನಿಸಿದಾಗ ಯಾರ ಜೊತೆಗಾದರೂ ಕೂರಬೇಕು. "ದುಡುಕಿನವರು ಚಿಕಿತ್ಸೆಯನ್ನ ನಡುವೆ ಬಿಡೋದು ಜಾಸ್ತಿ. ಬಿಟ್ಟರೂ ಮತ್ತೆ ಬಾ" ಎಂದರು. ಅವಳು ಎರಡು ಸಲ ಬಿಟ್ಟಳು. ಮತ್ತೆ ಹೋದಾಗ, ಹೀಗೇ ಆದರೆ ಜೀವಕ್ಕೇ ಸಂಚಕಾರ ಎಂದು ವೈದ್ಯೆ ಪುಟ್ಟಕ್ಕನಿಗೂ ಬಿಡಿಸಿ ಹೇಳಿದರು.

ಮುಂದಿನ ಶನಿವಾರ ಬೆಳಿಗ್ಗೆ ಪುಟ್ಟಕ್ಕ ತಾನೇ ತಟ್ಟೆಗೆ ಮುದ್ದೆ ಇಟ್ಟಳು. "ದ್ಯಾವ್ರಿಗೆ ನಾನು ಹೇಳ್ಕಂತೀನಿ, ನೀನು ಉಣ್ಣು ಕಣಮ್ಮ." ಆ ತಾಯಿಗೆ ನಾನು ಕೈ ಮುಗಿಯುತ್ತೇನೆ.

ಕಕ್ಕುವುದು ಕಡಿಮೆಯಾಯಿತು. ಪೂರ್ತಿ ವಾಸಿಯಾಗುವ ಮುನ್ನವೇ ಪುಟ್ಟಕ್ಕ ಹಿಗ್ಗಿ ಪರ ಇಟ್ಟುಕೊಂಡಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು!

ಪಂಕ್ತಿಯಲ್ಲಿ ಶಶಿರೇಖಾ ನನ್ನ ಪಕ್ಕ ಕೂತು ಹೊಟ್ಟೆ ತುಂಬ ಉಂಡಳು. ಪಾಯಸ ಬಡಿಸುತ್ತಿದ್ದ ಸೋದರಮಾವ ಓಬಳರಾಜು, "ಲೇ ಶಶಿ, ಒಳ್ಳೆ ಗುಂಡುಗುಂಡ್ಗೆ ಆಗ್ಬುಟ್ಟಿದ್ಯಲ್ಲೇ!" ಎಂದು ನಕ್ಕ. ಅವನ ಬಾಯಿಗೆ ಬೀಗವಿಲ್ಲ. ಅವಳ ಮುಖ ಕಪ್ಪಿಟ್ಟಿತು. ದಡಕ್ಕನೆ ಎದ್ದಳು. ಪಂಕ್ತಿ ಮುಗಿಯುವ ಮುನ್ನ ಏಳುವುದು ನಮ್ಮಲ್ಲಿ ಅನ್ನಕ್ಕೆ ಮಾಡುವ ಅವಮಾನ. ಊರೆಲ್ಲ ತಲೆಯೆತ್ತಿ ನೋಡಿತು. ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂದುಕೊಂಡೆ.

ಅವಳು ಹಿತ್ತಲಿಗೆ ಹೋಗಲಿಲ್ಲ. ನಿಂತಲ್ಲೇ ಕೂಗಿಬಿಟ್ಟಳು: "ಉಂಡಿದ್ದನ್ನ ಕಕ್ಕೋ ಕಾಯ್ಲೆ ಕಣ್ರಪ್ಪೋ ನಂಗೆ! ಈಗ್ಲೂ ಕಕ್ಕಬೇಕು ಅನ್ನುಸ್ತೈತೆ. ಯಾರಾನ ಬಂದು ನನ್ ಕೈ ಹಿಡ್ಕಂಡು ಕುಂತ್ಕಳ್ರಿ!"

ವರ್ಷಗಟ್ಟಲೆ ಊರಿಗೆ ತಿಳಿಯದಂತೆ ಬಚ್ಚಿಟ್ಟಿದ್ದ ಗುಟ್ಟು ಅದು. ಅದೇ ಹಾಳು ದುಡುಕು ಆ ದಿನ ಅವಳನ್ನು ಉಳಿಸಿತು.

ಊರಿಗೆ ಹಿರಿಯಳಾದ ಕೊಲ್ಲಾಪುರಮ್ಮಜ್ಜಿ ಎಂಜಲ ಕೈಯಲ್ಲೇ ಎದ್ದಳು. "ಬಾ ಕಣಮ್ಮ, ಕುಂತ್ಕಳಾನ." ಹಿರಿಯಳೇ ಎದ್ದ ಮೇಲೆ ಯಾರಿಗೆ ತಡೆ? ಹೆಂಗಸರೆಲ್ಲ ಕೈ ತೊಳೆದು ಬಂದು ಜಗುಲಿಯ ಮೇಲೆ ಅವಳನ್ನು ಸುತ್ತುವರಿದರು. ಅವಳು ಬೆವತಳು, ಅತ್ತಳು, ಮಾವನನ್ನು ಬೈದಳು. ಓಬಳರಾಜು ತಲೆ ತಗ್ಗಿಸಿ ಬೈಸಿಕೊಂಡ. ಉಂಡದ್ದು ಹೊಟ್ಟೆಯಲ್ಲೇ ಉಳಿಯಿತು.

ಕುರಿಗಳು ಹಟ್ಟಿಗೆ ಬರುವ ಹೊತ್ತಿಗೆ ಶಶಿರೇಖಾ ಮುಖ ಒರೆಸಿಕೊಂಡು ಕೇಳಿದಳು: "ಅವ್ವ, ರಾತ್ರಿಗೆ ಏನು ಸಾರು?"

ಪುಟ್ಟಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಒಲೆ ಹೊತ್ತಿಸಲು ಓಡಿದಳು.