ಒಂದು ಬೆಲ್ ಅಂದರೆ ಹೋಗು

ಮೂವತ್ತು ವರ್ಷ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಇನ್‌ಸ್ಪೆಕ್ಷನ್ ಕೆಲಸ ಮಾಡಿದವಳು ನಾನು. ಅಳತೆಗೆ ಸಿಗದ್ದನ್ನು ಒಪ್ಪಿದವಳಲ್ಲ. ಇದು ಯಾವ ಅಳತೆಗೂ ಸಿಗುವುದಿಲ್ಲ... ಆದರೆ ನಡೆದದ್ದು ನಿಜ.

ಪೀಣ್ಯದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಮಲ್ಲಮ್ಮ ಯಾದಗಿರಿ ಕಡೆಯವಳು. ಬೆಳಗಿನ ಆರರ ಪಾಳಿಗೆ ಇನ್ನೊಮ್ಮೆ ತಡವಾದರೆ ಕೆಲಸವಿಲ್ಲ ಎಂದು ಸೂಪರ್‌ವೈಸರ್ ಎಚ್ಚರಿಸಿದ್ದ. ಅದಕ್ಕೇ ಅವಳಿಗೆ ಸೈಕಲ್ ಕಲಿಸಿದೆ. ರಸ್ತೆಯಂಚಿಗೆ ಅಂಟಿಕೊಂಡು ಹೋಗಬಾರದು, ಲಾರಿಯ ಎಡಕ್ಕೆ ನುಗ್ಗಬಾರದು, ತಿರುಗುವ ಮೊದಲು ಬಲಭುಜದ ಮೇಲಿಂದ ಹಿಂದೆ ನೋಡಿ ಕೈ ಚಾಚಬೇಕು.

ನನ್ನ ಕುತ್ತಿಗೆ ಈಗ ಅಷ್ಟು ತಿರುಗುವುದಿಲ್ಲ. ಅವಳ ಕಾರ್ಖಾನೆಯ ಪಕ್ಕದ ಕ್ಯಾಂಟೀನ್ ನೋಡಿಕೊಳ್ಳಲು ನಾನೂ ಅದೇ ಹೊತ್ತಿಗೆ ಹೊರಡುತ್ತೇನೆ. ನಾನು ಮುಂದೆ, ಅವಳು ಹಿಂದೆ. ನನ್ನ ಬದಲು ಅವಳೇ ಹಿಂದೆ ನೋಡಿ ಬೆಲ್ ಹೊಡೆಯಬೇಕೆಂದು ಗೊತ್ತುಮಾಡಿದೆ. ಒಂದು ಬೆಲ್ ಅಂದರೆ ಹೋಗು, ಎರಡು ಅಂದರೆ ನಿಲ್ಲು.

ಅಂದು ಐದೂವರೆ. ಇನ್ನೂ ಕತ್ತಲೆ. ಮಂಜಿನಲ್ಲಿ ಆಸಿಡ್ಡಿನ ಹುಳಿ ವಾಸನೆ, ಎರಡೂ ಕಡೆ ಕಾರ್ಖಾನೆಗಳ ಗೋಡೆ. ಬಲಕ್ಕೆ ತಿರುಗಬೇಕಿತ್ತು. ಕೈ ಚಾಚಿದೆ.

ಟ್ರಿಣ್...

ಒಂದೇ. ತೀರ ಹತ್ತಿರ, ನನ್ನ ಹಿಂದಿನ ಚಕ್ರಕ್ಕೆ ತಾಗುವಂತೆ. ಹ್ಯಾಂಡಲ್ ತಿರುಗಿಸಿದೆ.

ಹಿಂದಿನಿಂದ ದೀಪವೇ ಇಲ್ಲದ ನೀರಿನ ಟ್ಯಾಂಕರ್! ಬೀಸಿದ ಗಾಳಿಗೆ ಸೆರಗು ಹಾರಿತು. ಟ್ಯಾಂಕರಿನ ಕನ್ನಡಿ ಬೆರಳಿಗೆ ಬಡಿಯಿತು. ಬಿದ್ದೆ.

ಚಾಲಕ ತಲೆ ಹೊರಹಾಕಿದ. "ಏನಜ್ಜಿ, ಸಾಯಕ್ಕೆ ನನ್ ಗಾಡೀನೇ ಬೇಕಿತ್ತಾ? ಕೈ ತೋರಿಸ್ಬಿಟ್ರೆ ರೋಡ್ ನಿಂದಾಗೋಯ್ತಾ?"

ನಿಲ್ಲದೆ ಹೋದ.

ಮಲ್ಲಮ್ಮ ಏದುಸಿರು ಬಿಡುತ್ತ ಬಂದಳು. ಬಲು ದೂರದಿಂದ.

"ಯಾಕೇ ಬೆಲ್ ಹೊಡೆದೆ?" ಗದರಿದೆ.

"ನಾ ಎಲ್ಲಿ ಹೊಡದೆನ್ರೀ ಅಮ್ಮಾರ? ನಾ ಅಲ್ಲಿ ಹಿಂದ ಇದ್ನಲ್ರೀ..."

"ಅಷ್ಟು ಹಿಂದೆ ಯಾಕುಳಿದೆ?"

ಅವಳು ನನ್ನ ಬೆನ್ನ ಹಿಂದೆ ನೋಡಿದಳು. ದನಿ ಇಳಿಯಿತು.

"ನಿಮ್ಮ ಬೆನ್ನಿಗೇ ಯಾರೋ ಸೈಕಲ್ ಮ್ಯಾಲ ಬರಾಕತ್ತಿದ್ರಲ್ರೀ... ನಿಮ್ಮ ಗುರ್ತಿನೋರು ಅನ್ಕೊಂಡು ಜಾಗ ಬಿಟ್ಟೆ."

ಗೋಡೆಗಳ ನಡುವೆ ಒಂದು ಸಂದಿಯೂ ಇಲ್ಲ, ಯಾರಾದರೂ ಸರಿದುಹೋಗಲು. ಬಲದ ತಿರುವೂ ಖಾಲಿ. ರಸ್ತೆಯಲ್ಲಿ ನಾವಿಬ್ಬರೇ. ಅವಳ ಕೈ ಬೆಲ್ಲಿನ ಮೇಲಿರಲಿಲ್ಲ, ನನ್ನದೂ ಇರಲಿಲ್ಲ.

ಟ್ರಿಣ್...

ಮತ್ತೆ ಒಂದೇ. ಹೋಗು ಎಂದು.

ದೂರದಲ್ಲಿ ಇನ್ನೊಂದು ಟ್ಯಾಂಕರಿನ ಸದ್ದು. ನಾವು ಹೋಗಲಿಲ್ಲ. ಅದು ದಾಟಿದ ಮೇಲೆ ಸೈಕಲ್ ತಳ್ಳಿಕೊಂಡೇ ಓಡಿದೆವು. ಗೇಟು ಮುಟ್ಟಿದಾಗ ಅವಳ ಪಾಳಿಗೆ ಎರಡು ನಿಮಿಷ ಉಳಿದಿತ್ತು.

ಈಗ ನನ್ನ ಹ್ಯಾಂಡಲ್ಲಿಗೆ ಕನ್ನಡಿ ಹಾಕಿಸಿದ್ದೇನೆ. ಯಾರ ಬೆಲ್ಲನ್ನೂ ನಂಬುವುದಿಲ್ಲ. ಕನ್ನಡಿಯಲ್ಲಿ ಕಾಣುವವಳು ಮಲ್ಲಮ್ಮ ಒಬ್ಬಳೇ, ದೂರದಲ್ಲಿ, ಚುಕ್ಕಿಯ ಹಾಗೆ.

"ಹತ್ತಿರ ಬಾರೇ, ನಡುವೆ ಗಾಡಿಗಳು ನುಗ್ಗುತ್ತವೆ" ಎಂದು ದಿನವೂ ಕೂಗುತ್ತೇನೆ.

ದಿನವೂ ಅವಳದು ಅದೇ ಉತ್ತರ.

"ಹೆಂಗ ಬರ್ಲೀ ಅಮ್ಮಾರ... ಜಾಗ ಖಾಲಿ ಇಲ್ರೀ."